ತೆರೆ ಏರುವ ಮುನ್ನ

ಮನುಷ್ಯನು ಒಂಟಿಯಾಗಿ ಉಣ್ಣಬಲ್ಲನು, ಒಂಟಿಯಾಗಿ ದುಡಿಯಬಲ್ಲನು. ಆದರೆ ಒಂಟಿಯಾಗಿ ಜಾತ್ರೆ ಮಾಡಲಾರನು. ಹಬ್ಬ, ಮದುವೆ, ನಾಟಕ, ಕುಸ್ತಿ, ಭಜನೆ ಇವೆಲ್ಲವೂ ಹತ್ತು ಜನ ಕೂಡಿದಾಗಲೇ ಕಳೆಗಟ್ಟುವಂಥವು. ನೋಡುವವರಿಲ್ಲದ ನಾಟಕವು ನಾಟಕವೇ ಅಲ್ಲ. ಆದುದರಿಂದಲೇ ಪ್ರತಿಯೊಂದು ಊರಿನಲ್ಲಿಯೂ ಜನರು ಕೂಡಲೆಂದೇ ಮೀಸಲಾದ ಒಂದು ಸ್ಥಳವಿರುತ್ತದೆ. ಅದು ಗುಡಿಯ ಮುಂದಿನ ಬಯಲಾಗಿರಬಹುದು, ಕಲ್ಯಾಣಮಂಟಪವಾಗಿರಬಹುದು, ಚಿತ್ರಮಂದಿರವಾಗಿರಬಹುದು ಅಥವಾ ತಗಡಿನ ಗೋಡೆಗಳ ನಾಟ್ಯಗೃಹವಾಗಿರಬಹುದು.

ಬೆಳಗಾವಿ ಜಿಲ್ಲೆಯ ಉತ್ತರ ಭಾಗದಲ್ಲಿರುವ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲ್ಲೂಕುಗಳು ಇಂತಹ ಕೂಟಗಳಿಗೆ ಹೆಸರಾದವು. ಕೃಷ್ಣೆ, ದೂಧಗಂಗೆ, ವೇದಗಂಗೆಗಳ ನೀರುಂಡು ಕಬ್ಬು, ತಂಬಾಕು, ಜೋಳಗಳನ್ನು ಬೆಳೆಯುವ ಗಡಿನಾಡು ಇದು. ಚಿಕ್ಕೋಡಿ ತಾಲ್ಲೂಕಿನ ಕಬ್ಬೂರ ಈ ಸೀಮೆಯ ಒಂದು ಊರು. ಇಲ್ಲಿಗೆ ಸಮೀಪದ ಗೋಕಾಕ ಸೀಮೆಯಲ್ಲಿ ಕುಲಗೋಡ ತಮ್ಮಣ್ಣನು ಶ್ರೀಕೃಷ್ಣ ಪಾರಿಜಾತದ ಆಟವನ್ನು ತಿದ್ದಿ ಬೆಳೆಸಿದನು. ಕೌಜಲಗಿ ನಿಂಗಮ್ಮನು ಅದರಲ್ಲಿ ಹಾಡಿ ಕುಣಿದು ಕೀರ್ತಿ ಪಡೆದಳು. ಇದೇ ಜಿಲ್ಲೆಯ ಸವದತ್ತಿ ತಾಲ್ಲೂಕಿನಲ್ಲಿ ಜನಿಸಿದ ಏಣಗಿ ಬಾಳಪ್ಪನವರು (1914–2018) ನಾಟಕ ಕಂಪನಿಯನ್ನು ಕಟ್ಟಿ ಊರೂರು ಸುತ್ತಿದರು. ರಾಯಬಾಗ ತಾಲ್ಲೂಕಿನ ಚಿಂಚಲಿಯ ಮಾಯಕ್ಕನ ಜಾತ್ರೆಗೆ ಕರ್ನಾಟಕದಿಂದಲ್ಲದೆ ಮಹಾರಾಷ್ಟ್ರದಿಂದಲೂ ಭಕ್ತರು ಬರುತ್ತಾರೆ. ಜನರು ಕೂಡುವುದು ಈ ನಾಡಿನ ಜೀವನಕ್ರಮವೇ ಆಗಿದೆ.

ಇಂತಹ ನಾಡಿನಲ್ಲಿ ಒಂದು ದಿನ ಎಲ್ಲ ಬಾಗಿಲುಗಳೂ ಮುಚ್ಚಿದವು.

2020ರ ಮಾರ್ಚ್ 11ರಂದು ವಿಶ್ವ ಆರೋಗ್ಯ ಸಂಸ್ಥೆಯು ಕೋವಿಡ್-19 ರೋಗವನ್ನು ಜಗದ್ವ್ಯಾಪಿ ಸಾಂಕ್ರಾಮಿಕವೆಂದು ಸಾರಿತು. ಅದರ ಹಿಂದಿನ ದಿನ ಕಲಬುರಗಿಯ ವೃದ್ಧರೊಬ್ಬರು ಮರಣ ಹೊಂದಿದ್ದರು; ಈ ರೋಗದಿಂದ ಭಾರತದಲ್ಲಿ ಸಂಭವಿಸಿದ ಮೊದಲ ಸಾವು ಅದೇ ಎಂದು ಬಳಿಕ ಖಚಿತವಾಯಿತು. ಮಾರ್ಚ್ 13ರಂದು ಕರ್ನಾಟಕ ಸರಕಾರವು ಚಿತ್ರಮಂದಿರಗಳನ್ನೂ ಜಾತ್ರೆ, ಸಭೆ, ಸಮಾರಂಭಗಳನ್ನೂ ಒಂದು ವಾರ ನಿಲ್ಲಿಸುವಂತೆ ಆಜ್ಞೆ ಮಾಡಿತು. ಒಂದು ವಾರವೆಂದು ಮುಚ್ಚಿದ ಬಾಗಿಲು ಏಳು ತಿಂಗಳವರೆಗೆ ತೆರೆಯಲಿಲ್ಲ. ಮಾರ್ಚ್ 25ರಿಂದ ಇಡೀ ದೇಶವೇ ಮನೆಯೊಳಗೆ ಉಳಿಯಿತು.

ಬಾಗಿಲು ಮುಚ್ಚಿದುದರಿಂದ ಪ್ರೇಕ್ಷಕನಿಗಾದ ನಷ್ಟವು ಒಂದು ಸಂಜೆಯ ವಿನೋದ ಮಾತ್ರ. ಆದರೆ ಆ ಬಾಗಿಲನ್ನೇ ನಂಬಿ ಬದುಕುವವರ ಗತಿಯೇನು? ಒಂದು ವೃತ್ತಿ ನಾಟಕ ಕಂಪನಿಯನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ರಂಗದ ಮೇಲೆ ಕಾಣುವವರು ಹತ್ತು ಹನ್ನೆರಡು ಜನ ನಟನಟಿಯರು. ಕಾಣದವರು ಇನ್ನೂ ಅನೇಕರು. ಪರದೆ ಎಳೆಯುವವನು, ದೀಪದ ವ್ಯವಸ್ಥೆ ನೋಡುವವನು, ಹಾರ್ಮೋನಿಯಂ ಮತ್ತು ತಬಲಾ ನುಡಿಸುವವರು, ಟಿಕೆಟು ಹರಿಯುವವನು, ಬಾಗಿಲು ಕಾಯುವವನು, ಅಡುಗೆಯವನು, ಊರಲ್ಲಿ ಸುತ್ತಾಡಿ ಪ್ರಚಾರ ಮಾಡುವವನು ಇವರೆಲ್ಲರೂ ಅದೇ ಕಂಪನಿಯ ಅನ್ನ ಉಣ್ಣುವವರು. ನಾಟ್ಯಗೃಹದ ಹೊರಗೆ ಚಹಾ ಕಾಯಿಸುವವರು, ಚುರುಮುರಿ ಮಾರುವವರು, ಹೂವಿನವರು ಬೇರೆ. ಅಂದಂದಿನ ಗಳಿಕೆಯಲ್ಲಿ ಅಂದಂದಿನ ಖರ್ಚು ಸಾಗಬೇಕು. ಆಟ ನಿಂತರೂ ಜಾಗದ ಬಾಡಿಗೆ ನಿಲ್ಲುವುದಿಲ್ಲ, ಸಾಲದ ಬಡ್ಡಿ ನಿಲ್ಲುವುದಿಲ್ಲ, ಹಸಿವೆಯಂತೂ ನಿಲ್ಲುವುದೇ ಇಲ್ಲ.

ಉತ್ತರ ಕರ್ನಾಟಕದ ನಾಟಕ ಕಂಪನಿಗಳಿಗೆ ಬಾದಾಮಿಯ ಬನಶಂಕರಿ ಜಾತ್ರೆಯೇ ವರ್ಷದ ಸುಗ್ಗಿ. ಬನದ ಹುಣ್ಣಿಮೆಯಂದು ತೇರು ಎಳೆದ ಬಳಿಕ ಹಲವು ವಾರಗಳವರೆಗೆ ಅನೇಕ ಕಂಪನಿಗಳು ಅಲ್ಲಿ ಬಿಡಾರ ಹೂಡಿ ರಾತ್ರಿಯಿಡೀ ಆಟವಾಡುತ್ತವೆ. ಆ ಒಂದು ಜಾತ್ರೆಯ ಗಳಿಕೆಯಲ್ಲಿ ಮಳೆಗಾಲದ ಬರಿಗೈ ತಿಂಗಳುಗಳನ್ನು ದಾಟಿಸುವ ಕಂಪನಿಗಳುಂಟು. 2021ರಲ್ಲಿಯೂ 2022ರಲ್ಲಿಯೂ ಆ ಜಾತ್ರೆಯು ಎಂದಿನ ಸಡಗರದಿಂದ ನಡೆಯಲಿಲ್ಲ. ಎರಡು ಸುಗ್ಗಿಗಳು ಬರಿದಾದವು. 2021ರ ಮೇ ತಿಂಗಳಲ್ಲಿ ಸರಕಾರವು ಸಂಕಷ್ಟದಲ್ಲಿದ್ದ ಕಲಾವಿದರಿಗೆ ತಲಾ 3,000 ರೂಪಾಯಿಗಳ ನೆರವನ್ನು ಘೋಷಿಸಿತು. ಆ ನೆರವು ಕೆಲವು ದಿನಗಳ ಊಟಕ್ಕೆ ಆದೀತು. ಕಲೆಯು ಉಳಿಯಬೇಕಾದರೆ ರಂಗದ ಬಾಗಿಲು ತೆರೆಯಲೇಬೇಕಾಗಿತ್ತು.

ಹಾಗಾದರೆ ಬಾಗಿಲನ್ನು ಬೇಗನೆ ಏಕೆ ತೆರೆಯಲಿಲ್ಲ ಎಂಬ ಪ್ರಶ್ನೆ ಏಳುವುದು ಸಹಜ. ಇದಕ್ಕೆ ಇತಿಹಾಸವೇ ಉತ್ತರ ಹೇಳುತ್ತದೆ.

1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಪ್ಲೇಗು ಕೆಲವೇ ವರ್ಷಗಳಲ್ಲಿ ಬೆಳಗಾವಿ, ಧಾರವಾಡ, ಹುಬ್ಬಳ್ಳಿಗಳಿಗೂ ಹರಡಿತು. ಜನರು ಊರು ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡು ವಾಸಿಸಿದರು. ಆ ಕಾಲದಲ್ಲಿ, 1897ರಲ್ಲಿ, ಮಾಡಿದ ಸಾಂಕ್ರಾಮಿಕ ರೋಗಗಳ ಕಾಯಿದೆಯನ್ನೇ 2020ರಲ್ಲಿಯೂ ಸರಕಾರಗಳು ಮೊದಲು ಕೈಗೆತ್ತಿಕೊಂಡವು. ಬಳಿಕ 1918ರಲ್ಲಿ ಇನ್‌ಫ್ಲುಯೆಂಜಾ ಜ್ವರವು ಜಗತ್ತನ್ನೆಲ್ಲ ಆವರಿಸಿತು. ಭಾರತದಲ್ಲಿ ಆಗ ಒಂದು ಕೋಟಿಗೂ ಹೆಚ್ಚು ಜನರು ಸತ್ತರೆಂದು ವಿದ್ವಾಂಸರು ಅಂದಾಜು ಮಾಡಿದ್ದಾರೆ.

ಆ ಜ್ವರದ ಕಾಲದ ಎರಡು ಅಮೆರಿಕನ್ ನಗರಗಳ ಕಥೆ ಗಮನಾರ್ಹವಾದುದು. ಫಿಲಡೆಲ್ಫಿಯ ನಗರದಲ್ಲಿ 1918ರ ಸೆಪ್ಟೆಂಬರ್ 28ರಂದು ಸುಮಾರು ಎರಡು ಲಕ್ಷ ಜನ ಸೇರಿ ಒಂದು ದೊಡ್ಡ ಮೆರವಣಿಗೆಯನ್ನು ನೋಡಿದರು. ಕೆಲವೇ ದಿನಗಳಲ್ಲಿ ಆ ನಗರದ ಆಸ್ಪತ್ರೆಗಳು ತುಂಬಿಹೋದವು. ಸೇಂಟ್ ಲೂಯಿಸ್ ನಗರವಾದರೋ ಅಕ್ಟೋಬರ್ ತಿಂಗಳ ಆರಂಭದಲ್ಲಿಯೇ ನಾಟಕಶಾಲೆ, ಶಾಲೆ, ಚರ್ಚುಗಳನ್ನು ಮುಚ್ಚಿ ಅನೇಕ ಪ್ರಾಣಗಳನ್ನು ಉಳಿಸಿಕೊಂಡಿತು. ಆದರೆ ಕಥೆ ಅಲ್ಲಿಗೇ ಮುಗಿಯುವುದಿಲ್ಲ. ರೋಗ ಇಳಿಯಿತೆಂದು ನವೆಂಬರ್ ಮಧ್ಯದಲ್ಲಿ ಅಲ್ಲಿ ಬಾಗಿಲುಗಳನ್ನು ತೆರೆದಾಗ ಜ್ವರವು ಮತ್ತೆ ಏರಿತು; ಬಾಗಿಲುಗಳನ್ನು ಮತ್ತೆ ಮುಚ್ಚಬೇಕಾಯಿತು. ಮುಚ್ಚುವುದರಲ್ಲಿ ಜಾಣತನ ತೋರಿದ ನಗರವೇ ತೆರೆಯುವುದರಲ್ಲಿ ಎಡವಿತು. ಮುಚ್ಚುವುದಕ್ಕಿಂತ ತೆರೆಯುವುದೇ ಕಠಿಣ ಎಂಬುದನ್ನು ಈ ಪ್ರಸಂಗವು ಕಲಿಸುತ್ತದೆ.

ಆದುದರಿಂದಲೇ ಕರ್ನಾಟಕದಲ್ಲಿ ಬಾಗಿಲು ಒಮ್ಮೆಲೇ ತೆರೆಯಲಿಲ್ಲ. ಮೆಟ್ಟಿಲು ಮೆಟ್ಟಿಲಾಗಿ ತೆರೆಯಿತು. 2020ರ ಜೂನ್ 8ರಿಂದ ದೇವಸ್ಥಾನಗಳಲ್ಲಿ ದರ್ಶನಕ್ಕೆ ಅವಕಾಶವಾಯಿತು. ಆದರೆ ನೆರೆಯ ಮಹಾರಾಷ್ಟ್ರದಿಂದ ಅಪಾರ ಸಂಖ್ಯೆಯ ಭಕ್ತರು ಬರುವ ಸವದತ್ತಿಯ ಯಲ್ಲಮ್ಮನ ಗುಡಿಯು ಮುಂದೆಯೂ ಹಲವು ತಿಂಗಳು ಮುಚ್ಚಿಯೇ ಇತ್ತು. ಅಕ್ಟೋಬರ್ 15ರಿಂದ ಚಿತ್ರಮಂದಿರ, ನಾಟ್ಯಗೃಹಗಳು ಅರ್ಧದಷ್ಟು ಆಸನಗಳನ್ನು ಮಾತ್ರ ತುಂಬಿಸಿ ಪ್ರದರ್ಶನ ನೀಡಬಹುದೆಂದಾಯಿತು. ಮೊದಲ ದಿನಗಳಲ್ಲಿ ಹಳೆಯ ಚಿತ್ರಗಳನ್ನೇ ತೋರಿಸಿದರು. ಹೊಸ ಚಿತ್ರವನ್ನು ತೆರೆಗೆ ತರಲು ನಿರ್ಮಾಪಕರಿಗೆ ಧೈರ್ಯವಿರಲಿಲ್ಲ. ನವೆಂಬರ್ 20ರಂದು ‘ಆಕ್ಟ್ 1978’ ಎಂಬ ಹೊಸ ಕನ್ನಡ ಚಿತ್ರವು ಬಿಡುಗಡೆಯಾಗಿ ಆ ಹಿಂಜರಿಕೆಯನ್ನು ಮುರಿಯಿತು.

2021ರ ಫೆಬ್ರವರಿಯಲ್ಲಿ ಎಲ್ಲ ಆಸನಗಳನ್ನೂ ತುಂಬಲು ಒಪ್ಪಿಗೆ ದೊರೆಯಿತು. ಇನ್ನು ಕಷ್ಟ ಕಳೆಯಿತೆಂದು ಎಲ್ಲರೂ ನಿಟ್ಟುಸಿರು ಬಿಡುವಷ್ಟರಲ್ಲಿ ಎರಡನೆಯ ಅಲೆಯು ಅಪ್ಪಳಿಸಿತು. ಏಪ್ರಿಲ್ ತಿಂಗಳಲ್ಲಿ ಬಾಗಿಲುಗಳು ಮತ್ತೆ ಮುಚ್ಚಿದವು. ಜುಲೈ 19ರಿಂದ ಅರ್ಧ ಆಸನ, ಅಕ್ಟೋಬರ್ 1ರಿಂದ ಸೋಂಕು ಕಡಿಮೆಯಿದ್ದ ಜಿಲ್ಲೆಗಳಲ್ಲಿ ಪೂರ್ಣ ಆಸನ, 2022ರ ಜನವರಿಯಲ್ಲಿ ಮತ್ತೆ ಅರ್ಧ, ಫೆಬ್ರವರಿ 5ರಿಂದ ಮತ್ತೆ ಪೂರ್ಣ. ಹೀಗೆ ನಿಯಮಗಳು ತೊಟ್ಟಿಲಿನಂತೆ ತೂಗಿದವು. ಗಡಿನಾಡಿನವರ ತೊಂದರೆ ಇನ್ನೂ ಹೆಚ್ಚಿನದು. 2021ರಲ್ಲಿ ನಿಪ್ಪಾಣಿಯ ಬಳಿಯ ಕೊಗನೊಳಿ ತಪಾಸಣೆ ಕಟ್ಟೆಯಲ್ಲಿ ಮಹಾರಾಷ್ಟ್ರದಿಂದ ಬರುವವರು ಸೋಂಕಿಲ್ಲವೆಂಬ ಪರೀಕ್ಷೆಯ ವರದಿ ತೋರಿಸಬೇಕಾಗಿತ್ತು. ಕೊಲ್ಲಾಪುರ, ಸಾಂಗಲಿಗಳ ಕಡೆಯ ನೆಂಟರನ್ನೂ ಪ್ರೇಕ್ಷಕರನ್ನೂ ನೆಚ್ಚಿದ ಗಡಿಯೂರುಗಳ ಮದುವೆ, ಜಾತ್ರೆಗಳು ಇದರಿಂದ ಬಡವಾದವು.

ಬಾಗಿಲು ತೆರೆಯಲು ಸರಕಾರದ ಒಪ್ಪಿಗೆ ಸಿಕ್ಕರೆ ಸಾಲದು. ತೆರೆದ ಮೇಲೆ ಅದನ್ನು ನಡೆಯಿಸುವುದು ಹೇಗೆ? ಕಬ್ಬೂರಿನಂತಹ ಒಂದು ಊರಿನಲ್ಲಿ 400 ಆಸನಗಳ ಒಂದು ಸಭಾಗೃಹವಿದೆಯೆಂದೂ ಅದು ಏಳು ತಿಂಗಳ ಬಳಿಕ ತೆರೆಯಬೇಕಾಗಿದೆಯೆಂದೂ ಭಾವಿಸಬಹುದು. ಅದರ ವ್ಯವಸ್ಥಾಪಕನ ಮುಂದೆ ಯಾವ ಯಾವ ಕೆಲಸಗಳಿರುತ್ತವೆ?

ಮೊದಲನೆಯದು ಕಟ್ಟಡದ ಕೆಲಸ. ಬಳಸದ ಮನೆಯು ಬೇಗನೆ ಹಾಳಾಗುತ್ತದೆ. ಇಲಿಗಳು ವಿದ್ಯುತ್ ತಂತಿಗಳನ್ನು ಕಡಿದಿರುತ್ತವೆ. ಗೆದ್ದಲು ರಂಗದ ಹಲಗೆಗಳನ್ನು ತಿಂದಿರುತ್ತದೆ. ಪರದೆಗಳಿಗೆ ಬೂಷ್ಟು ಹಿಡಿದಿರುತ್ತದೆ. ಬೆಂಕಿ ಆರಿಸುವ ಉಪಕರಣಗಳ ಅವಧಿ ಮುಗಿದಿರಬಹುದು. ತಿಂಗಳುಗಟ್ಟಲೆ ನಿಂತ ನೀರಿನ ತೊಟ್ಟಿಯೂ ಅಪಾಯದ ಸ್ಥಳವೇ. ಅಂತಹ ನೀರಿನಲ್ಲಿ ಲೀಜಿಯನೆಲ್ಲಾ ಎಂಬ ಬ್ಯಾಕ್ಟೀರಿಯವು ಬೆಳೆದು, ತುಂತುರಿನೊಡನೆ ಉಸಿರಿಗೆ ಸೇರಿ ಶ್ವಾಸಕೋಶದ ಬೇನೆಯನ್ನು ತರಬಲ್ಲದು. ಒಂದು ರೋಗಕ್ಕೆ ಅಂಜಿ ಮುಚ್ಚಿದ ಮನೆಯು ತೆರೆದ ದಿನವೇ ಇನ್ನೊಂದು ರೋಗವನ್ನು ಹಂಚಬಾರದು. ಆದುದರಿಂದ ತೊಟ್ಟಿಯನ್ನು ಬರಿದು ಮಾಡಿ ತೊಳೆಯಬೇಕು. ಕೊಳವೆಗಳಲ್ಲಿ ನಿಂತ ನೀರನ್ನು ಹರಿಯಬಿಡಬೇಕು. ತಂತಿಗಳನ್ನು ಬಲ್ಲವರಿಂದ ಪರೀಕ್ಷಿಸಬೇಕು.

ಎರಡನೆಯದು ಗಾಳಿಯ ಕೆಲಸ. ಕೋವಿಡ್ ರೋಗವು ಕೆಮ್ಮು, ಸೀನುಗಳ ಹನಿಗಳಿಂದ ಮಾತ್ರವೇ ಹರಡುವುದೆಂದು ಮೊದಮೊದಲು ಬಹುಮಂದಿ ತಿಳಿದಿದ್ದರು. ಮಾತನಾಡುವಾಗ, ಹಾಡುವಾಗ ಬಾಯಿಂದ ಹೊರಡುವ ಅತಿ ಸೂಕ್ಷ್ಮ ಕಣಗಳು ಮುಚ್ಚಿದ ಕೋಣೆಯ ಗಾಳಿಯಲ್ಲಿ ಬಹಳ ಹೊತ್ತು ತೇಲುತ್ತವೆಂಬುದು ಕ್ರಮೇಣ ಸ್ಪಷ್ಟವಾಯಿತು. 2020ರ ಮಾರ್ಚ್ 10ರಂದು ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ 61 ಜನ ಗಾಯಕರು ಒಂದು ಚರ್ಚಿನೊಳಗೆ ಕೂಡಿ ಎರಡೂವರೆ ಗಂಟೆಗಳ ಕಾಲ ಹಾಡಿ ಅಭ್ಯಾಸ ಮಾಡಿದರು. ಅವರಲ್ಲಿ ಒಬ್ಬನಿಗೆ ಸೋಂಕಿತ್ತು. ಕೆಲವೇ ದಿನಗಳಲ್ಲಿ ರೋಗ ಖಚಿತವಾದವರು ಮತ್ತು ಶಂಕಿತರು ಸೇರಿ 53 ಮಂದಿ ರೋಗಿಗಳಾದರು; ಇಬ್ಬರು ಮರಣ ಹೊಂದಿದರು. ಇದನ್ನು ಅರಿಯಲು ದೂರ ಹೋಗಬೇಕಾಗಿಲ್ಲ. ಅಡುಗೆಮನೆಯಲ್ಲಿ ಮೆಣಸಿನಕಾಯಿ ಹುರಿದರೆ ಅದರ ಘಾಟು ಪಡಸಾಲೆಯಲ್ಲಿ ಕುಳಿತವರನ್ನೂ ಕೆಮ್ಮಿಸುತ್ತದೆ. ಎದುರುಬದುರಿನ ಕಿಟಕಿಗಳನ್ನು ತೆರೆದರೆ ಸ್ವಲ್ಪ ಹೊತ್ತಿನಲ್ಲಿ ಅದು ಇಲ್ಲವಾಗುತ್ತದೆ. ಸಭಾಗೃಹದ ಗಾಳಿಯ ನ್ಯಾಯವೂ ಅದೇ. ಹವಾನಿಯಂತ್ರಣವಿರುವ ಚಿತ್ರಮಂದಿರಗಳಲ್ಲಿ ಉಷ್ಣತೆಯನ್ನು 24ರಿಂದ 30 ಡಿಗ್ರಿ ಸೆಲ್ಸಿಯಸ್ ಒಳಗೆ ಇಡಬೇಕೆಂದೂ ಹೊರಗಿನ ಗಾಳಿಯನ್ನು ಆದಷ್ಟು ಒಳಗೆ ತರಬೇಕೆಂದೂ ಕೇಂದ್ರ ಸರಕಾರವು 2020ರ ಅಕ್ಟೋಬರಿನಲ್ಲಿ ಸೂಚಿಸಿತು. ಹಿರಿಯರು ಪಾರಿಜಾತವನ್ನೂ ದೊಡ್ಡಾಟವನ್ನೂ ಬಯಲಿನಲ್ಲಿ ಆಡುತ್ತಿದ್ದುದು ರೋಗದ ಭಯದಿಂದಲ್ಲ. ಆದರೂ ಬಯಲಿನ ಗಾಳಿಯ ಬೆಲೆ ಏನೆಂಬುದನ್ನು ಈ ಕಾಲವು ಹೊಸದಾಗಿ ತಿಳಿಸಿಕೊಟ್ಟಿತು.

ಮೂರನೆಯದು ಜನರ ಸಂಚಾರದ ಕೆಲಸ. ಪ್ರೇಕ್ಷಕನು ತನ್ನ ಕುರ್ಚಿಯಲ್ಲಿ ಸುಮ್ಮನೆ ಕುಳಿತಿರುವಾಗಲೇ ಅಪಾಯ ಹೆಚ್ಚೆಂದು ತೋರುತ್ತದೆ. ಜರ್ಮನಿಯ ಹಾಲೆ ನಗರದ ವಿಜ್ಞಾನಿಗಳು ಇದನ್ನು ಪರೀಕ್ಷಿಸಲು 2020ರ ಆಗಸ್ಟ್ 22ರಂದು ಲೈಪ್‌ಜಿಗ್ ನಗರದ ಕ್ರೀಡಾಂಗಣವೊಂದರಲ್ಲಿ ಸಂಗೀತ ಕಾರ್ಯಕ್ರಮವನ್ನು ಏರ್ಪಡಿಸಿದರು. ಮೊದಲೇ ಪರೀಕ್ಷೆಗೊಳಗಾದ ಸುಮಾರು 1,400 ಸ್ವಯಂಸೇವಕರು ಪ್ರೇಕ್ಷಕರಾಗಿ ಬಂದರು. ಯಾರು ಯಾರ ಹತ್ತಿರ ಎಷ್ಟು ಹೊತ್ತು ಇದ್ದರೆಂಬುದನ್ನು ಗುರುತಿಸುವ ಸಣ್ಣ ಯಂತ್ರವನ್ನು ಅವರಿಗೆ ತೊಡಿಸಲಾಗಿತ್ತು. ಯಾವ ವಸ್ತುಗಳನ್ನು ಹೆಚ್ಚಾಗಿ ಮುಟ್ಟುವರೆಂದು ತಿಳಿಯಲು ಕೈ ತೊಳೆಯುವ ದ್ರವದಲ್ಲಿ ಹೊಳೆಯುವ ಬಣ್ಣವನ್ನು ಬೆರೆಸಲಾಗಿತ್ತು. ಜನರು ಒಬ್ಬರಿಗೊಬ್ಬರು ಹೆಚ್ಚಾಗಿ ತಾಗಿದುದು ಒಳಗೆ ಬರುವಾಗ ಮತ್ತು ವಿರಾಮದ ವೇಳೆಯಲ್ಲಿ ಎಂದು ಕಂಡುಬಂದಿತು. ಪ್ರವೇಶದ್ವಾರಗಳನ್ನು ಹೆಚ್ಚಿಸಿದರೆ, ಗಾಳಿಯ ಸಂಚಾರ ಉತ್ತಮವಾಗಿದ್ದರೆ ಅಪಾಯವು ಬಹಳ ಕಡಿಮೆಯಾಗುವುದೆಂದು ಆ ವಿಜ್ಞಾನಿಗಳು ತೋರಿಸಿದರು. ಆದುದರಿಂದ ವ್ಯವಸ್ಥಾಪಕನು ಕುರ್ಚಿಗಳನ್ನು ಎಣಿಸುವುದರ ಜೊತೆಗೆ ಬಾಗಿಲುಗಳನ್ನೂ ಎಣಿಸಬೇಕು. ಟಿಕೆಟಿನ ಕಿಟಕಿಯ ಮುಂದೆ ಸಾಲು, ವಿರಾಮದಲ್ಲಿ ಚಹಾದ ಅಂಗಡಿಯ ಮುಂದೆ ಸಾಲು, ಆಟ ಮುಗಿದ ಮೇಲೆ ಒಂದೊಂದೇ ಪಂಕ್ತಿಯವರು ಎದ್ದು ಹೊರಡುವ ಕ್ರಮ ಇವುಗಳನ್ನು ಅವನು ಏರ್ಪಡಿಸಬೇಕು.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಜನರ ಸಂಚಾರವನ್ನು ಹಿಡಿತದಲ್ಲಿಡುವ ಆತುರದಲ್ಲಿ ಹೊರಹೋಗುವ ದಾರಿಗಳಿಗೆ ಬೀಗ ಹಾಕುವುದು ಮಹಾಪರಾಧ. 1981ರ ಫೆಬ್ರವರಿ 7ರಂದು ಬೆಂಗಳೂರಿನಲ್ಲಿ ವೀನಸ್ ಸರ್ಕಸ್ಸಿನ ಡೇರೆಗೆ ಬೆಂಕಿ ತಗುಲಿ 92 ಜನ ಸತ್ತರು. ಅವರಲ್ಲಿ ಹೆಚ್ಚಿನವರು ಮಕ್ಕಳು. 1997ರ ಜೂನ್ 13ರಂದು ದಿಲ್ಲಿಯ ಉಪಹಾರ್ ಚಿತ್ರಮಂದಿರದ ಬೆಂಕಿಯಲ್ಲಿ 59 ಜನ ಸತ್ತರು. ಹೊರದಾರಿಗಳಿಗೆ ಅಡ್ಡಿಯಿದ್ದುದೇ ಅಷ್ಟು ಸಾವುಗಳಿಗೆ ಮುಖ್ಯ ಕಾರಣ. ರೋಗದಿಂದ ಕಾಯಲು ಹೋಗಿ ಬೆಂಕಿಗೆ ಒಪ್ಪಿಸುವಂತಾಗಬಾರದು.

ನಾಲ್ಕನೆಯದು ಲೆಕ್ಕದ ಕೆಲಸ. ಸಭಾಗೃಹದ ಟಿಕೆಟಿನ ಬೆಲೆ 100 ರೂಪಾಯಿ ಎಂದಿಟ್ಟುಕೊಂಡರೆ 400 ಆಸನಗಳು ತುಂಬಿದಾಗ 40,000 ರೂಪಾಯಿ ಬರುತ್ತದೆ. ಒಂದು ಆಟದ ಖರ್ಚು 25,000 ರೂಪಾಯಿ ಎಂದಾದರೆ 15,000 ರೂಪಾಯಿ ಉಳಿಯುತ್ತದೆ. ಅರ್ಧ ಆಸನಗಳು ಮಾತ್ರ ತುಂಬಿದರೆ ಬರುವುದು 20,000 ರೂಪಾಯಿ. ಖರ್ಚು ಮಾತ್ರ ಅರ್ಧವಾಗುವುದಿಲ್ಲ. ದೀಪವು ಅರ್ಧ ಸಭೆಗೆಂದು ಅರ್ಧ ಉರಿಯುವುದಿಲ್ಲ. ನಟನು ಅರ್ಧ ಪಾತ್ರವನ್ನು ಮಾಡಲಾರನು. ಹೀಗಾಗಿ 5,000 ರೂಪಾಯಿ ನಷ್ಟವಾಗುತ್ತದೆ. ಸಭೆಯು ಅರ್ಧವಾದಾಗ ಲಾಭವು ಅರ್ಧವಾಗದೆ ನಷ್ಟವಾಗಿ ತಿರುಗುವುದೆಂಬುದನ್ನು ಈ ಲೆಕ್ಕವು ತೋರಿಸುತ್ತದೆ. ಅನೇಕ ಮಂದಿರಗಳು ಒಪ್ಪಿಗೆ ಸಿಕ್ಕಿದ ಮೇಲೂ ಬಾಗಿಲು ತೆರೆಯಲು ಹಿಂಜರಿದುದು ಇದೇ ಕಾರಣದಿಂದ. ಬಾಗಿಲು ಮುಚ್ಚಿದ್ದರೆ ಹಸಿವು, ತೆರೆದರೆ ನಷ್ಟ ಎಂಬ ಇಕ್ಕಟ್ಟಿನಲ್ಲಿ ಅವು ಸಿಲುಕಿದ್ದವು.

ಐದನೆಯದು ಎಲ್ಲಕ್ಕಿಂತ ಕಠಿಣವಾದ ಕೆಲಸ. ಅದು ಜನರ ನಂಬಿಕೆಯನ್ನು ಮರಳಿ ಗಳಿಸುವುದು. ಅದೇ ಸಭಾಗೃಹದ ಮೊದಲ ದಿನವನ್ನು ಕಲ್ಪಿಸಿಕೊಳ್ಳಬಹುದು. ಸಂಜೆಯಾಗಿದೆ. ಏಳು ತಿಂಗಳ ಬಳಿಕ ದೀಪಗಳು ಉರಿದಿವೆ. ಒಂದೊಂದು ಟಿಕೆಟೂ ಲೆಕ್ಕಕ್ಕೆ ಬರುವ ಸಮಯ. ಆಗ ಐದು ಹರದಾರಿ ದೂರದ ಹಳ್ಳಿಯಿಂದ ವೃದ್ಧರೊಬ್ಬರು ಮೊಮ್ಮಗನ ಕೈಹಿಡಿದು ಬರುತ್ತಾರೆ. ಬಾಗಿಲಲ್ಲಿಯೇ ಅವರಿಗೆ ಕೆಮ್ಮು ಬರುತ್ತದೆ. ಮೈ ಮುಟ್ಟಿದರೆ ಬಿಸಿಯಾಗಿದೆ. “ಏನಿಲ್ಲಪ್ಪ, ದಾರಿಯ ಧೂಳು” ಎನ್ನುತ್ತಾರೆ ಅವರು. ಬಾಗಿಲು ಕಾಯುವವನು ಏನು ಮಾಡಬೇಕು? ಒಳಗೆ ಬಿಟ್ಟರೆ ಟಿಕೆಟಿನ ಹಣ ಉಳಿಯುತ್ತದೆ. ಹಿರಿಯರ ಮನಸ್ಸು ನೋಯುವುದಿಲ್ಲ. ಆದರೆ ಒಳಗೆ ಕುಳಿತ ಇನ್ನೂರು ಜನರು ಆ ಬಾಗಿಲು ಕಾಯುವವನನ್ನೇ ನಂಬಿ ಬಂದವರು. ಬಿಡದಿದ್ದರೆ ಆ ವೃದ್ಧರ ಆಸೆ ಮುರಿಯುತ್ತದೆ.

ಇಂತಹ ಸಂದರ್ಭದಲ್ಲಿ ನಿಯಮವು ಮಾತ್ರವೇ ಸಾಲದು; ಸೌಜನ್ಯವೂ ಬೇಕು. “ಅಜ್ಜಾರ, ಇವತ್ತ ಬ್ಯಾಡ್ರಿ. ಆರಾಮ ಆದ ಮ್ಯಾಲ ಬರ್ರಿ, ನಿಮ್ಮ ಜಾಗಾ ಹಂಗ ಇಟ್ಟಿರತೇವಿ” ಎಂದು ಹೇಳಿ, ನೆರಳಿನಲ್ಲಿ ಕೂಡಿಸಿ ನೀರು ಕೊಟ್ಟು, ಟಿಕೆಟಿನ ಹಣವನ್ನು ಪೂರ್ತಿಯಾಗಿ ಮರಳಿಸಿ, ದವಾಖಾನೆಗೆ ಹೋಗಲು ನೆರವಾಗುವವನೇ ನಿಜವಾದ ಬಾಗಿಲು ಕಾಯುವವನು. ಹಣ ಮರಳುವುದಿಲ್ಲವೆಂದಾದರೆ ಜ್ವರ ಬಂದವನು ಜ್ವರವನ್ನು ಮುಚ್ಚಿಟ್ಟು ಒಳಗೆ ಬರುತ್ತಾನೆ. ಹಣ ಮರಳುವುದೆಂದು ತಿಳಿದರೆ ಮನೆಯಲ್ಲಿಯೇ ಉಳಿಯುತ್ತಾನೆ. ಒಂದು ಟಿಕೆಟಿನ ನಷ್ಟವು ಇನ್ನೂರು ಜನರ ನಂಬಿಕೆಯನ್ನು ಗಳಿಸಿಕೊಡುತ್ತದೆ. ಮಂದಿರದ ಕೆಲಸಗಾರರ ವಿಷಯದಲ್ಲಿಯೂ ಇದೇ ನ್ಯಾಯ. ಜ್ವರ ಬಂದ ದಿನದ ಕೂಲಿಯನ್ನು ಕಡಿಯುವ ಮಾಲೀಕನು ತಿಳಿಯದೆಯೇ ರೋಗವನ್ನು ಕೆಲಸಕ್ಕೆ ಕರೆಯುತ್ತಾನೆ.

ದೊಡ್ಡ ಉತ್ಸವಗಳೂ ಇದೇ ಹಾದಿಯಲ್ಲಿ ನಡೆದವು. 2020ರಲ್ಲಿ ಮೈಸೂರು ದಸರೆಯನ್ನು ಡಾ. ಸಿ. ಎನ್. ಮಂಜುನಾಥ್ ಎಂಬ ಹೃದ್ರೋಗ ತಜ್ಞರು ಉದ್ಘಾಟಿಸಿದರು. ರೋಗದೊಡನೆ ಹೋರಾಡುತ್ತಿದ್ದ ವೈದ್ಯಕೀಯ ಸಿಬ್ಬಂದಿಗೆ ಸಲ್ಲಿಸಿದ ಗೌರವ ಅದು. ಊರ ಬೀದಿಗಳಲ್ಲಿ ಲಕ್ಷಾಂತರ ಜನರ ನಡುವೆ ಸಾಗುತ್ತಿದ್ದ ಜಂಬೂಸವಾರಿಯು ಆ ವರ್ಷ ಅರಮನೆಯ ಆವರಣದೊಳಗೆ ಕೆಲವೇ ನೂರು ಜನರ ಮುಂದೆ ನಡೆಯಿತು. ಅಭಿಮನ್ಯು ಎಂಬ ಆನೆಯು ಮೊದಲ ಬಾರಿಗೆ ಚಿನ್ನದ ಅಂಬಾರಿಯನ್ನು ಹೊತ್ತಿತು. 2021ರಲ್ಲಿಯೂ ಸರಳವಾಗಿಯೇ ಉತ್ಸವ ನಡೆದು, 2022ರಲ್ಲಿ ಮೆರವಣಿಗೆಯು ಮತ್ತೆ ಬೀದಿಗೆ ಬಂದಿತು. ಉತ್ಸವವು ಚಿಕ್ಕದಾಯಿತೇ ಹೊರತು ಕಡಿದುಹೋಗಲಿಲ್ಲ. 2023ರ ಜನವರಿಯಲ್ಲಿ ಬನಶಂಕರಿಯ ಜಾತ್ರೆಯೂ ಎಂದಿನಂತೆ ಕೂಡಿತು. ನಾಟಕ ಕಂಪನಿಗಳ ತಗಡಿನ ಮನೆಗಳು ಮತ್ತೆ ಎದ್ದು ನಿಂತವು. ಅದೇ ವರ್ಷದ ಮೇ 5ರಂದು ವಿಶ್ವ ಆರೋಗ್ಯ ಸಂಸ್ಥೆಯು ಕೋವಿಡ್ ರೋಗದ ತುರ್ತುಪರಿಸ್ಥಿತಿಯು ಮುಗಿಯಿತೆಂದು ಸಾರಿತು.

ತುರ್ತುಪರಿಸ್ಥಿತಿ ಮುಗಿಯಿತು, ಕಲಿತ ಪಾಠವು ಮುಗಿಯಬೇಕಾಗಿಲ್ಲ. ಕಿಟಕಿಗಳನ್ನು ತೆರೆದಿಡುವುದು, ಹೊರದಾರಿಗಳನ್ನು ಬರಿದಾಗಿಡುವುದು, ಸಾಲಿನಲ್ಲಿ ನಿಲ್ಲುವುದು, ಜ್ವರವಿದ್ದಾಗ ಮನೆಯಲ್ಲಿ ಉಳಿಯುವುದು ಇವು ಎಲ್ಲ ಕಾಲಕ್ಕೂ ಸಲ್ಲುವ ನಡತೆಗಳು. ಶಾಲೆಯ ಸ್ನೇಹ ಸಮ್ಮೇಳನದ ದಿನ ಬಾಗಿಲ ಬಳಿ ನಿಂತು ಬಂದವರನ್ನು ಕೂಡಿಸುವ ವಿದ್ಯಾರ್ಥಿ ಸ್ವಯಂಸೇವಕನೂ ಒಂದು ಸಭೆಯ ಪ್ರಾಣವನ್ನು ಕಾಯುವವನೇ.

ತೆರೆ ಏರಿದ ಮೇಲೆ ಎಲ್ಲರ ಕಣ್ಣೂ ರಂಗದ ಮೇಲಿರುತ್ತದೆ. ತೆರೆ ಏರುವ ಮುನ್ನ ತೊಟ್ಟಿ ತೊಳೆದವರನ್ನು, ಕಿಟಕಿ ತೆರೆದವರನ್ನು, ಬಾಗಿಲಲ್ಲಿ ನಿಂತು ವಿನಯದಿಂದ “ಇವತ್ತ ಬ್ಯಾಡ್ರಿ” ಎಂದವರನ್ನು ಯಾರೂ ನೋಡುವುದಿಲ್ಲ; ಅವರಿಗಾಗಿ ಯಾರೂ ಚಪ್ಪಾಳೆ ತಟ್ಟುವುದಿಲ್ಲ. ಆದರೂ ಅವರು ತಮ್ಮ ಕೆಲಸವನ್ನು ಸರಿಯಾಗಿ ಮಾಡಿದ್ದರಿಂದಲೇ ಚಪ್ಪಾಳೆ ತಟ್ಟಿದ ಕೈಗಳು ಕ್ಷೇಮವಾಗಿ ಮನೆ ಸೇರುತ್ತವೆ.

ಅಭ್ಯಾಸ

ಪದಗಳ ಅರ್ಥ
ಬಿಡಾರ ಹೂಡು – ತಾತ್ಕಾಲಿಕವಾಗಿ ನೆಲೆ ನಿಲ್ಲು
ಹರದಾರಿ – ಸುಮಾರು ಮೂರು ಮೈಲಿಗಳ ದೂರ
ಬೂಷ್ಟು – ತೇವದಿಂದ ಹಿಡಿಯುವ ಶಿಲೀಂಧ್ರ
ಇಕ್ಕಟ್ಟು – ಪಾರಾಗಲು ಕಷ್ಟವಾದ ಸ್ಥಿತಿ

ಅ. ಒಂದೊಂದು ವಾಕ್ಯದಲ್ಲಿ ಉತ್ತರಿಸಿರಿ.
1. ಉತ್ತರ ಕರ್ನಾಟಕದ ನಾಟಕ ಕಂಪನಿಗಳಿಗೆ ವರ್ಷದ ಸುಗ್ಗಿ ಯಾವುದು?
2. 2020ರ ಅಕ್ಟೋಬರ್ 15ರಿಂದ ಚಿತ್ರಮಂದಿರಗಳಿಗೆ ಯಾವ ನಿಯಮದ ಮೇಲೆ ಅವಕಾಶ ದೊರೆಯಿತು?
3. ಲೈಪ್‌ಜಿಗ್ ಪ್ರಯೋಗದಲ್ಲಿ ಜನರು ಹೆಚ್ಚಾಗಿ ಒಬ್ಬರಿಗೊಬ್ಬರು ತಾಗಿದುದು ಯಾವಾಗ?

ಆ. ನಾಲ್ಕೈದು ವಾಕ್ಯಗಳಲ್ಲಿ ಉತ್ತರಿಸಿರಿ.
1. ಸೇಂಟ್ ಲೂಯಿಸ್ ನಗರದ ಪ್ರಸಂಗದಿಂದ ತಿಳಿಯುವ ನೀತಿ ಯಾವುದು?
2. ಸಭೆಯು ಅರ್ಧವಾದಾಗ ಲಾಭವು ನಷ್ಟವಾಗಿ ತಿರುಗುವುದು ಹೇಗೆ? ಲೆಕ್ಕ ಸಹಿತ ವಿವರಿಸಿರಿ.
3. ಟಿಕೆಟಿನ ಹಣವನ್ನು ಮರಳಿಸುವುದರಿಂದ ಆಗುವ ಪ್ರಯೋಜನವೇನು?

ಇ. ಚಟುವಟಿಕೆ
ನಿಮ್ಮ ಶಾಲೆಯ ಸಭಾಗೃಹದ ಕಿಟಕಿ, ಬಾಗಿಲು, ಹೊರದಾರಿಗಳನ್ನು ಎಣಿಸಿ ಒಂದು ನಕ್ಷೆ ಬರೆಯಿರಿ. ಸ್ನೇಹ ಸಮ್ಮೇಳನದ ದಿನ ಜನರನ್ನು ಒಳಗೆ ಕರೆದು ಹೊರಗೆ ಕಳಿಸುವ ಕ್ರಮವನ್ನು ಅದರಲ್ಲಿ ಗುರುತಿಸಿರಿ.